ಏಳು ಏಳು ಏಳು

ನಮ್ಮತ್ತೆಗೆ ಸೊಂಟದಲ್ಲಿ ಬೀಗದ ಕೈ ಗೊಂಚಲು ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಾನು ಮದುವೆಯಾಗಿ ಅಂತರಸನಹಳ್ಳಿಯ ಮನೆಗೆ ಬಂದ ಹೊಸದರಲ್ಲಿ ಉಗ್ರಾಣದಿಂದ ಏನಾದರೂ ತರಬೇಕಾದರೆ, ಗೊಂಚಲಿನಿಂದ ಒಂದೇ ಒಂದು ಕೀಲಿ ಬಿಡಿಸಿಕೊಟ್ಟು, "ಎಡಗಡೆ ಮೂರನೇ ಭರಣಿ, ಹುಣಿಸೆಹಣ್ಣು. ತಗೊಂಡು ಬಾ. ಆ ಕಡೆ ಈ ಕಡೆ ನೋಡುತ್ತಾ ನಿಲ್ಲಬೇಡ" ಎನ್ನುತ್ತಿದ್ದರು. ಒಳಗೆ ದೀಪವಿರಲಿಲ್ಲ. ಹೆಸರು ಹೇಳಿದ ಭರಣಿಗೆ ಕೈಹಾಕಬಹುದಿತ್ತು, ಉಳಿದದ್ದೇನಿದೆ ಎಂದು ಕಾಣುವಂತಿರಲಿಲ್ಲ. ಹೊಸ ಸೊಸೆಯ ಮೇಲೆ ಇಷ್ಟೊಂದು ಅಪನಂಬಿಕೆಯೇ ಎಂದು ನಾನು ಹಿತ್ತಿಲಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದುಂಟು.

ಈಗ ಅತ್ತೆಯೂ ಇಲ್ಲ, ಉಗ್ರಾಣವೂ ಇಲ್ಲ. ಆ ಜಾಗದಲ್ಲಿ ನನ್ನ ಕಂಪ್ಯೂಟರಿನ ಮೇಜಿದೆ. ಅತ್ತೆ ಕಲಿಸಲು ನೋಡಿ ಸೋತ ಪಾಠವನ್ನು ಹೋದ ವರ್ಷ ಆ ಕಂಪ್ಯೂಟರು ನನಗೆ ಚೆನ್ನಾಗಿ ಕಲಿಸಿತು. ಕಲಿಕೆಯ ಶುಲ್ಕವನ್ನು ಮಾತ್ರ ನಾನು ಕಟ್ಟಲಿಲ್ಲ, ನನ್ನಿಂದಾಗಿ ಇನ್ನೊಬ್ಬಾಕೆ ಕಟ್ಟಬೇಕಾಯಿತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಅಂತರಸನಹಳ್ಳಿ ಎಂದರೆ ತುಮಕೂರಿನವರಿಗೆ ಎರಡು ನೆನಪಾಗುತ್ತದೆ: ತರಕಾರಿ ಮಾರುಕಟ್ಟೆ ಮತ್ತು ಕೈಗಾರಿಕಾ ಪ್ರದೇಶ. ನಸುಕಿನಲ್ಲೇ ಟೊಮೇಟೊ ಕ್ರೇಟುಗಳ ಸದ್ದು, ಹೆದ್ದಾರಿಯ ಲಾರಿಗಳ ಹಾರನ್ನು, ಆಮೇಲೆ ಶೆಡ್ಡುಗಳ ಪಾಳಿಯ ಗಡಿಬಿಡಿ. ಅಂಥದೊಂದು ಶೆಡ್ಡಿನಲ್ಲಿ ನಾನು ಇಪ್ಪತ್ತೆರಡು ವರ್ಷ ಲೆಕ್ಕ ಬರೆದೆ. ಪುಸ್ತಕದಲ್ಲಿ ಶುರುಮಾಡಿದ್ದು ಕಂಪ್ಯೂಟರಿನಲ್ಲಿ ಮುಗಿಯಿತು. ಆ ಒಂದೇ ಅರ್ಹತೆಯ ಮೇಲೆ, ನಾನು ಕೆಲಸ ಬಿಟ್ಟ ಮೇಲೆ, ನಮ್ಮ ಬೀದಿಯ ಮಹಿಳಾ ಸಮಾಜದವರು ಲೆಕ್ಕವನ್ನೂ ವೆಬ್‌ಸೈಟನ್ನೂ ನನ್ನ ಕೊರಳಿಗೆ ಕಟ್ಟಿದರು. ಕಿವುಡರ ಮನೆಯಲ್ಲಿ ಕೆಪ್ಪಿಯೇ ಸಂಗೀತ ವಿದುಷಿ ಅಲ್ಲವೇ!

ವೆಬ್‌ಸೈಟೆಂದರೆ ಭಾರೀ ಏನಲ್ಲ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ತಿಂಗಳ ಬಾಡಿಗೆಗೆ ಒಂದು ಸರ್ವರು ಹಿಡಿದುಕೊಟ್ಟಿದ್ದ. ಸರ್ವರೆಂದರೆ ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಉರಿಯುವ ಕಂಪ್ಯೂಟರು, ಯಾರು ಯಾವಾಗ ಬಂದು ಕೇಳಿದರೂ ಪುಟ ತೆಗೆದು ತೋರಿಸುವುದು ಅದರ ಕೆಲಸ. ಅದರಲ್ಲಿ ನನಗೊಂದು ಸ್ವಂತ ಮನೆ, ಅಂದರೆ ಹೋಮ್ ಫೋಲ್ಡರು. ಅದರೊಳಗೆ 'ಸಮಾಜ' ಎಂಬ ಫೋಲ್ಡರು. ಅದರೊಳಗೆ ಮೂರು ಕೋಣೆ: ಚಿತ್ರ, ಹಾಡು, ಲೆಕ್ಕ. ಚಿತ್ರದಲ್ಲಿ ವಾರ್ಷಿಕೋತ್ಸವದ, ದೇವರಾಯನದುರ್ಗದ ಪ್ರವಾಸದ ಫೋಟೋಗಳು. ಹಾಡಿನಲ್ಲಿ ನಮ್ಮ ಹಿರಿಯರೊಬ್ಬರಿಂದ ಕೂತು ಹಾಡಿಸಿ ಫೋನಿನಲ್ಲಿ ಹಿಡಿದಿಟ್ಟ ಸೋಬಾನೆ, ಬೀಸುಕಲ್ಲಿನ ಪದಗಳು. ಲೆಕ್ಕದಲ್ಲಿ ಉಳಿತಾಯದ ಪುಸ್ತಕ, ಮನೆಯ ಕಂಪ್ಯೂಟರು ಕೆಟ್ಟರೂ ಉಳಿಯಲಿ ಎಂದು ಇಟ್ಟಿದ್ದ ಇನ್ನೊಂದು ಪ್ರತಿ. ಯಾರು ಎಷ್ಟು ಕಟ್ಟಿದ್ದಾರೆ, ಯಾರು ಎಷ್ಟು ಸಾಲ ತೆಗೆದಿದ್ದಾರೆ, ಎಲ್ಲ.

ಸರ್ವರು ಜಗತ್ತಿಗೆ ತೋರಿಸುವ ಜಾಗ ಬೇರೆ, ನನ್ನ ಮನೆ ಬೇರೆ. ಫೋಟೋಗಳನ್ನು ಎರಡೂ ಕಡೆ ಇಡುವುದು ದಂಡವೆಂದು ಅಕ್ಕನ ಮಗ ಒಂದು ಉಪಾಯ ತೋರಿಸಿದ್ದ. ಅದಕ್ಕೆ ಸಿಂಬಾಲಿಕ್ ಲಿಂಕು ಎಂದು ಹೆಸರು, ನಾನು ಕೊಂಡಿ ಎನ್ನುತ್ತೇನೆ. ನಮ್ಮ ಟೈಲರು ಅಂಗಡಿ ಬದಲಾಯಿಸಿದಾಗ ಹಳೆಯ ಬಾಗಿಲಿಗೆ "ಅಂಗಡಿ ಹಿಂದಿನ ರಸ್ತೆಗೆ ಸ್ಥಳಾಂತರವಾಗಿದೆ" ಎಂದು ರಟ್ಟು ತೂಗುಹಾಕಿದ್ದರಲ್ಲ, ಅಂಥದೇ ರಟ್ಟು ಇದು. ರಟ್ಟಿನಲ್ಲಿ ಬಟ್ಟೆಯಿಲ್ಲ, ಹೊಲಿಗೆ ಮಿಷನ್ನೂ ಇಲ್ಲ, ಬರೀ ವಿಳಾಸವಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬುವರು ಶುರುಮಾಡಿದ ಯುನಿಕ್ಸ್ ಎಂಬ ವ್ಯವಸ್ಥೆಯ ವಂಶದ್ದೇ ನಮ್ಮ ಸರ್ವರಿನ ಲಿನಕ್ಸು. ಅದಕ್ಕೆ ಈ ರಟ್ಟಿನ ಸೌಕರ್ಯ 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರ ಆವೃತ್ತಿಯ ಜೊತೆ ಬಂತಂತೆ. ನಲವತ್ತು ವರ್ಷದಿಂದ ಜಗತ್ತಿನ ಸರ್ವರುಗಳೆಲ್ಲ ಇಂಥ ರಟ್ಟುಗಳನ್ನು ಓದಿಕೊಂಡೇ ಓಡಾಡುತ್ತಿವೆ.

ಅವನು ಕೊಂಡಿಯನ್ನು 'ಚಿತ್ರ'ಕ್ಕೊಂದು, 'ಹಾಡಿ'ಗೊಂದು ಹಾಕು ಎಂದಿದ್ದ. ಎರಡು ಸಲ ಯಾರು ಟೈಪು ಮಾಡುತ್ತಾರೆ? ನಾನು ಇಡೀ 'ಸಮಾಜ'ಕ್ಕೇ ಒಂದು ಕೊಂಡಿ ಹಾಕಿ ಕೈತೊಳೆದುಕೊಂಡೆ. ಹೇಗೂ 'ಲೆಕ್ಕ'ದ ಕೋಣೆಗೆ ಅವನು ನನ್ನೊಬ್ಬಳಿಗೇ ತೆರೆಯುವ ಹಾಗೆ ಬೀಗ ಹಾಕಿದ್ದ. ನಾಲ್ಕು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಸೋಮಾರಿತನಕ್ಕೆ ತಕ್ಷಣ ದಂಡ ಬೀಳುವುದಿಲ್ಲವೆನ್ನುವುದೇ ಅದರ ದೊಡ್ಡ ಕೇಡು.

ಹೋದ ವರ್ಷ ಹಳೆಯ ಸರ್ವರಿನ ಬಾಡಿಗೆ ಮುಗಿಯಿತು. ಹೊಸದಕ್ಕೆ ಎಲ್ಲವನ್ನೂ ನಾನೇ ಸಾಗಿಸಿದೆ. ಅದೇ ಫೋಲ್ಡರು, ಅದೇ ಕೊಂಡಿ. ಮುಖಪುಟ ಬಂತು. 'ನೆನಪು' ಎಂಬಲ್ಲಿ ಒತ್ತಿದರೆ ಬಿಳಿಯ ಹಾಳೆಯ ಮೇಲೆ ದಪ್ಪಕ್ಷರ: 403, ಫರ್ಬಿಡನ್. ನಿಷಿದ್ಧ. ನನ್ನದೇ ಫೋಟೋ, ನನಗೇ ನಿಷಿದ್ಧ!

ಬೇರೆ ದಿನವಾಗಿದ್ದರೆ ನಾಳೆ ನೋಡಿದರಾಯಿತು ಎಂದು ಅನ್ನಕ್ಕಿಡುತ್ತಿದ್ದೆ. ಆದರೆ ಹಾಡು ಹಾಡಿದ ಆ ಹಿರಿಯರು ತೀರಿಕೊಂಡು ಮಾರನೆಯ ದಿನಕ್ಕೆ ವರ್ಷ ತುಂಬುತ್ತಿತ್ತು. ಹೊರದೇಶದಲ್ಲಿದ್ದ ಅವರ ಮಗಳು ಊರಿಗೆ ಬರಲಾಗದೆ, "ಆಂಟೀ, ನಾಳೆ ಬೆಳಿಗ್ಗೆ ಅಮ್ಮನ ಹಾಡು ಹಾಕಿಕೊಂಡು ದೀಪ ಹಚ್ಚುತ್ತೇನೆ, ಸೈಟಿನಲ್ಲಿ ಇದೆಯಲ್ಲವೇ?" ಎಂದು ಕೇಳಿದ್ದಳು. ಇದೆ ಎಂದು ಮಾತು ಕೊಟ್ಟಾಗಿತ್ತು. ಅಕ್ಕನ ಮಗನ ಫೋನು ಸ್ವಿಚ್ ಆಫ್. ರಾತ್ರಿ ಹತ್ತೂವರೆ.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ಮೊದಲು ಕೊಂಡಿಯ ಅನುಮತಿ ಏನಿದೆ ಎಂದು ನೋಡಿದೆ. ಈ ಲೋಕದಲ್ಲಿ ಪ್ರತಿಯೊಂದು ಫೈಲಿಗೂ ಫೋಲ್ಡರಿಗೂ ಮೂರು ಜನರ ಲೆಕ್ಕವಿರುತ್ತದೆ: ಒಡೆಯರು, ಗುಂಪಿನವರು, ಬೀದಿಯವರು. ಪ್ರತಿಯೊಬ್ಬರಿಗೂ ಮೂರು ಅಪ್ಪಣೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಕೂಡಿದರೆ 7. ಒಡೆಯರಿಗೆ 7, ಉಳಿದಿಬ್ಬರಿಗೆ ಓದಿ ನಡೆಯುವಷ್ಟು 5 ಕೊಟ್ಟರೆ 755. ಎಲ್ಲರಿಗೂ ಎಲ್ಲವನ್ನೂ ಕೊಟ್ಟರೆ 777. ಕೊಂಡಿಯ ಮುಂದೆ ಇದ್ದದ್ದು ಈ ಮೂರು ಏಳೇ. ಎಲ್ಲರಿಗೂ ಎಲ್ಲವೂ ಮುಕ್ತ! ಮತ್ತೆ ನಿಷಿದ್ಧ ಹೇಗಾಯಿತು?

ಆಮೇಲೆ ತಿಳಿಯಿತು, ಲಿನಕ್ಸಿನಲ್ಲಿ ಕೊಂಡಿಗಳೆಲ್ಲ ಯಾವಾಗಲೂ ಹಾಗೇ ಕಾಣುತ್ತವೆ. ಆ ಏಳುಗಳಿಗೆ ಅರ್ಥವೇ ಇಲ್ಲ, ಯಾರೂ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಟ್ಟನ್ನು ಯಾರು ಬೇಕಾದರೂ ಓದಬಹುದು. ಓದಿದ ಮಾತ್ರಕ್ಕೆ ಹಿಂದಿನ ರಸ್ತೆಯ ಅಂಗಡಿಯ ಬೀಗ ತೆರೆದುಕೊಳ್ಳುತ್ತದೆಯೇ?

ಆ ರಾತ್ರಿ ಅಷ್ಟು ವಿವೇಕ ಯಾರಿಗಿತ್ತು? ಕೊಂಡಿ ಮುಕ್ತವಾಗಿದ್ದರೂ ಒಳಗಿನದ್ದು ಮುಕ್ತವಾಗಿಲ್ಲವೆಂದು ತೋರಿತು. ನನ್ನ ಇಡೀ ಮನೆಗೆ, ಒಳಗಿನ ಎಲ್ಲ ಕೋಣೆ ಡಬ್ಬಿಗಳೂ ಸೇರಿದಂತೆ, 777 ಎಂದು ಹೊಡೆದುಬಿಟ್ಟೆ. ಹಾಗೆ ಅನುಮತಿ ಬದಲಿಸುವ ಆಜ್ಞೆಗೆ ಚ್‌ಮಾಡ್ ಎನ್ನುತ್ತಾರೆ. ಆಜ್ಞೆ ಒಂದೇ ಸಾಲಿನದು. 'ನಿಜವಾಗಿಯೂ ಮಾಡಲೇ ತಾಯಿ?' ಎಂದು ಅದು ಕೇಳುವುದಿಲ್ಲ. ಪುಟ ತೆರೆಯಿತು. ಹಾಡು ಕೇಳಿಸಿತು. ನಡುಗುವ ದನಿಯಲ್ಲಿ ಆ ಹಿರಿಯರು ಹೆಣ್ಣೊಪ್ಪಿಸುವ ಪದ ಹಾಡುತ್ತಿದ್ದರೆ ನನಗೆ ಅಳು, ಹೆಮ್ಮೆ ಎರಡೂ. ಮಗಳಿಗೆ ಸಂದೇಶ ಕಳಿಸಿ, ದೊಡ್ಡ ಇಂಜಿನಿಯರಳಂತೆ ಮಲಗಿದೆ.

ಮೂರನೆಯ ದಿನ ಮಧ್ಯಾಹ್ನ ಸಮಾಜದ ಸದಸ್ಯೆಯೊಬ್ಬರು ಬಂದರು. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. "ನನ್ನ ಲೆಕ್ಕ ಊರಿಗೆಲ್ಲ ಕಾಣುತ್ತಿದೆಯಂತಲ್ಲ" ಎಂದರು.

ಆಕೆ ಟೈಲರಿಂಗಿನಲ್ಲಿ ಸಂಪಾದಿಸಿದ್ದನ್ನು ವಾರ ವಾರ ನಮ್ಮಲ್ಲಿ ಕಟ್ಟುತ್ತಿದ್ದರು, ಮಗಳ ಕಾಲೇಜಿಗೆಂದು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಅದು ಯಾವ ಕಡೆ ಹರಿದುಹೋಗುತ್ತದೆಂದು ಆಕೆಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಸಿಟ್ಟ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಕೇಳಲು ಸೈಟು ತೆರೆದ ಪಕ್ಕದ ಮನೆಯ ಹುಡುಗನಿಗೆ ಚಿತ್ರ, ಹಾಡು, ಲೆಕ್ಕ ಎಂಬ ಮೂರೂ ಹೆಸರು ಸಾಲಾಗಿ ಕಂಡಿವೆ. ಮೂರನೆಯದನ್ನೂ ಒತ್ತಿದ್ದಾನೆ. ಕೆಟ್ಟ ಹುಡುಗನೇನಲ್ಲ. "ಅಂಕಲ್, ಆಂಟಿ ಚೆನ್ನಾಗಿ ಉಳಿತಾಯ ಮಾಡಿದ್ದಾರೆ" ಎಂದು ಮೆಚ್ಚುಗೆಯಿಂದಲೇ ಹೇಳಿದ್ದಾನೆ. ಆ ರಾತ್ರಿ ಆ ಮನೆಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. "ದುಡ್ಡು ಹೋದರೆ ಮತ್ತೆ ಹೊಲಿದೇನು. ಗುಟ್ಟು ಹೋದರೆ ಹೊಲಿಯುವುದಕ್ಕಾಗುತ್ತದೆಯೇ?" ಎಂದಷ್ಟೇ ಹೇಳಿ ಹೊರಟುಹೋದರು.

ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತೆ, ಬಾಗಿಲು ಮುಚ್ಚಲು. ಸರ್ವರು ನನ್ನನ್ನು ಒಳಗೇ ಬಿಡಲಿಲ್ಲ! ನನ್ನ ಕೀಲಿ ಸರಿಯಾಗಿದ್ದರೂ ಆಗದು ಎಂದಿತು. ಕಾರಣ ಕೇಳಿದರೆ ನಗುತ್ತೀರಿ. ದೂರದಿಂದ ಕೀಲಿ ತೋರಿಸಿ ಒಳಬರುವವರನ್ನು ಪರೀಕ್ಷಿಸುವ ಕಾವಲುಗಾರ, ಆ ಮನೆಗೆ ಯಾರು ಬೇಕಾದರೂ ಕೈಹಾಕಿ ಬರೆಯಬಹುದು ಎಂದಾದರೆ ಅಲ್ಲಿ ಇಟ್ಟ ಕೀಲಿಯ ಗುರುತನ್ನೂ ನಂಬುವುದಿಲ್ಲ. ಯಾರೋ ಬದಲಾಯಿಸಿರಬಹುದಲ್ಲ! ಊರಿಗೆಲ್ಲ ತೆರೆದ ಬಾಗಿಲು ಮನೆಯೊಡತಿಗೆ ಮಾತ್ರ ಮುಚ್ಚಿಕೊಂಡಿತ್ತು. ಅತ್ತೆ ಇದ್ದಿದ್ದರೆ ಗೊಂಚಲು ಅಲ್ಲಾಡಿಸಿ ನಗುತ್ತಿದ್ದರು.

ಅಂತೂ ಅಕ್ಕನ ಮಗ ಫೋನಿಗೆ ಸಿಕ್ಕಿದ. ಸರ್ವರು ಬಾಡಿಗೆಗೆ ಕೊಟ್ಟವರು ಇಟ್ಟಿರುವ ಹಿತ್ತಿಲ ಬಾಗಿಲಿನಿಂದ, ಅದಕ್ಕೆ ಕನ್ಸೋಲ್ ಎನ್ನುತ್ತಾರೆ, ಒಳಗೆ ಹೋಗಿ ಮೊದಲು ಕೊಂಡಿಯನ್ನೇ ಕಿತ್ತುಹಾಕಿದ. ರಟ್ಟು ಕಿತ್ತರೆ ಅಂಗಡಿಗೆ ಏನೂ ಆಗುವುದಿಲ್ಲ, ದಾರಿ ಮಾತ್ರ ತಪ್ಪುತ್ತದೆ. ಆಮೇಲೆ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಚಿಕ್ಕಮ್ಮಾ, ಜಗತ್ತಿನಲ್ಲಿ ಎಲ್ಲರೂ ಒಂದಲ್ಲ ಒಂದು ರಾತ್ರಿ ಇದನ್ನೇ ಮಾಡಿದ್ದಾರೆ. ಬಾ, ಸರ್ವರು ಅವತ್ತು ಏನು ಬರೆದುಕೊಂಡಿತ್ತು ನೋಡೋಣ" ಎಂದ.

ಪುಟ ತೋರಿಸುವ ಕೆಲಸದ ತಂತ್ರಾಂಶಕ್ಕೆ ಅಪಾಚೆ ಎಂದು ಹೆಸರು, 1995ರಿಂದ ಇರುವಂಥದು. ಅದು ತನ್ನ ಕಷ್ಟಸುಖವನ್ನೆಲ್ಲ ಒಂದು ದಿನಚರಿಯಲ್ಲಿ ಬರೆಯುತ್ತದೆ. 403 ಎಂಬುದು ಬಂದವರಿಗೆ ಹೇಳುವ ಮಾತು, ನಿಜವಾದ ಕಾರಣವಿರುವುದು ದಿನಚರಿಯಲ್ಲಿ. ಅಲ್ಲಿ ಬರೆದಿದ್ದರ ತಾತ್ಪರ್ಯ: ಕೊಂಡಿಗೆ ಅಪ್ಪಣೆಯಿಲ್ಲ, ಇಲ್ಲವೇ ಕೊಂಡಿಯ ಗುರಿ ಕೈಗೆಟುಕುತ್ತಿಲ್ಲ. "ಆ 'ಇಲ್ಲವೇ' ಬಹಳ ಮುಖ್ಯ" ಎಂದ ಅವನು. ಅಪಾಚೆಗೆ ಕೊಂಡಿಗಳನ್ನು ಹಿಂಬಾಲಿಸು ಎಂದು ಅಪ್ಪಣೆ ಕೊಟ್ಟಿರಬೇಕು. ಅದಕ್ಕೊಂದು ಸಾಲಿದೆ, ಫಾಲೋ ಸಿಮ್‌ಲಿಂಕ್ಸ್ ಎಂದು. ಕೊಂಡಿ ಕಟ್ಟಿದವರೂ ಗುರಿಯ ಒಡೆಯರೂ ಒಬ್ಬರೇ ಆಗಿದ್ದರೆ ಮಾತ್ರ ಹಿಂಬಾಲಿಸು ಎಂಬ ಬಿಗಿಯಾದ ಸಾಲೂ ಇದೆ. ನಮ್ಮಲ್ಲಿ ಮೊದಲನೆಯ ಸಾಲು ಇದ್ದೇ ಇತ್ತು. ಹಾಗಾದರೆ ತೊಂದರೆ ಇರುವುದು ದಾರಿಯಲ್ಲಿ.

ಅಪಾಚೆ ನಾನಲ್ಲ. ಅದು ನನ್ನ ಹೆಸರಿನಲ್ಲಿ ಓಡಾಡುವುದಿಲ್ಲ. ನಮ್ಮ ಸರ್ವರಿನಲ್ಲಿ ಅದಕ್ಕೆ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೆಯದೇ ಹೆಸರು, ಹೆಚ್ಚು ಅಧಿಕಾರವಿಲ್ಲದ ಬಡ ಜವಾನನ ಹೆಸರು. ಅವನು ನನ್ನ ಪಾಲಿಗೆ ಬೀದಿಯವನು. ಕೊಂಡಿಯ ವಿಳಾಸ ಹಿಡಿದು ಅವನು ಪ್ರತಿಯೊಂದು ಬಾಗಿಲನ್ನೂ ದಾಟಬೇಕು: ಹೋಮ್, ಅದರೊಳಗೆ ನನ್ನ ಮನೆ, ಅದರೊಳಗೆ ಸಮಾಜ, ಅದರೊಳಗೆ ಹಾಡು. ತುಮಕೂರಿನಿಂದ ಕುಣಿಗಲ್ಲಿಗೆ ಹೊರಟವರು ಹೆಬ್ಬೂರು ದಾಟಬೇಕಲ್ಲ. ಹೆಬ್ಬೂರಿನಲ್ಲಿ ರಸ್ತೆ ಮುಚ್ಚಿದ್ದರೆ ಕುಣಿಗಲ್ಲಿನ ಮನೆಯ ಬಾಗಿಲು ಹಾರುಹೊಡೆದಿದ್ದರೂ ಏನು ಬಂತು?

ನಮ್ಮ ಹೆಬ್ಬೂರು ಯಾವುದೆಂದು ನೋಡಲು ಅವನು ನೇಮ್ಐ ಎಂಬ ಆಜ್ಞೆ ಹೇಳಿಕೊಟ್ಟ. ಅದರ ಜೊತೆ ಎಲ್ ಎಂಬ ಅಕ್ಷರ ಸೇರಿಸಿ ವಿಳಾಸ ಕೊಟ್ಟರೆ ಬುಡದಿಂದ ತುದಿಯವರೆಗೆ ಪ್ರತಿಯೊಂದು ಮೆಟ್ಟಿಲನ್ನೂ, ಅದರ ಒಡೆಯರನ್ನೂ, ಅನುಮತಿಯನ್ನೂ ಸಾಲಾಗಿ ಬರೆದು ತೋರಿಸುತ್ತದೆ. ನಡುವೆ ಕೊಂಡಿ ಬಂದರೆ ಅದನ್ನೂ ಬಿಡಿಸಿ ಅದರಾಚೆಗೂ ನಡೆಯುತ್ತದೆ. ನನ್ನಿಂದ ಕೆಟ್ಟಿದ್ದನ್ನು ಅವನು ಮೊದಲಿನ ಹಾಗೆ ಮಾಡಿಟ್ಟು ಅದನ್ನು ಓಡಿಸಿದಾಗ ಕಾರಣ ಕಣ್ಣಿಗೇ ಕಂಡಿತು. ನನ್ನ ಮನೆಯ ಮುಂದೆ 750. ಬೀದಿಯವರಿಗೆ ಸೊನ್ನೆ. ಹಳೆಯ ಸರ್ವರಿನಲ್ಲಿ ಅದು 755 ಆಗಿತ್ತು. ನಾವು ಬಳಸುವ ಉಬುಂಟು ಎಂಬ ಲಿನಕ್ಸಿನವರು 2021ರ ಏಪ್ರಿಲಿನ 21.04ನೇ ಆವೃತ್ತಿಯಿಂದ ಹೊಸದಾಗಿ ಕಟ್ಟುವ ಮನೆಗಳಿಗೆಲ್ಲ ಬೀದಿ ಬಾಗಿಲು ಮುಚ್ಚಿಯೇ ಕೊಡುತ್ತಾರೆ. ನನ್ನಂಥವರ ಗುಟ್ಟು ಉಳಿಯಲೆಂದು ಯಾರೋ ಯೋಚಿಸಿ ಹಾಕಿದ ಬೀಗ ಅದು. ನಾನು ಅದನ್ನು ತೊಂದರೆಯೆಂದು ತಿಳಿದು ಬಾಗಿಲನ್ನೇ ಮುರಿದಿದ್ದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ನನ್ನನ್ನು ಬೆಚ್ಚಿಬೀಳಿಸಿದ್ದು ಅದೇ. ಫೋಲ್ಡರಿಗೆ 4 ಕೊಟ್ಟರೆ ಒಳಗಿರುವವುಗಳ ಹೆಸರಿನ ಪಟ್ಟಿ ಓದಬಹುದು. 1 ಕೊಟ್ಟರೆ ಅದನ್ನು ದಾಟಿ ಒಳಗೆ ಹೋಗಬಹುದು. ಬರೀ 1 ಕೊಟ್ಟು 4 ಕೊಡದಿದ್ದರೆ? ಹೆಸರು ಗೊತ್ತಿರುವುದನ್ನು ಹೋಗಿ ಮುಟ್ಟಬಹುದು, ಬೇರೇನಿದೆಯೆಂದು ಕಾಣುವುದಿಲ್ಲ. ಎಡಗಡೆ ಮೂರನೇ ಭರಣಿ, ಹುಣಿಸೆಹಣ್ಣು! ನಾನು ಫೋನಿನಲ್ಲೇ ಜೋರಾಗಿ ನಕ್ಕೆ. ಅಕ್ಕನ ಮಗನಿಗೆ ಅರ್ಥವಾಗಲಿಲ್ಲ. ಮೂವತ್ತು ವರ್ಷ ಹಿಂದೆ ನಮ್ಮತ್ತೆ ನನಗೆ ಕೊಟ್ಟಿದ್ದ ಅನುಮತಿ ಬರೀ 1. ಅದು ಅಪನಂಬಿಕೆಯಾಗಿರಲಿಲ್ಲವೇನೋ. ಆ ಉಗ್ರಾಣದಲ್ಲಿ ಅವರದೂ ಒಂದು ಸಾಸಿವೆ ಡಬ್ಬಿ ಇದ್ದಿರಬೇಕು. ನನಗೆ ಆಗ ಅದು ಹೊಳೆಯಲೇ ಇಲ್ಲ.

ನನ್ನ ಮನೆಗೆ ಬೀದಿಯವರ ಪಾಲಿನ ಆ ಒಂದು 1 ಕೊಟ್ಟು 751 ಮಾಡಿದ್ದರೂ ಮೇಲಿನ ದಾರಿ ತೆರೆಯುತ್ತಿತ್ತು. ಜವಾನನೊಬ್ಬನ ಹೆಸರಿಗೇ ವಿಶೇಷ ಅನುಮತಿ ಬರೆದುಕೊಡುವ ವಿಧಾನವೂ ಇದೆ. ಆದರೆ ಅಕ್ಕನ ಮಗ ಎರಡೂ ಬೇಡವೆಂದ. "ಬೀದಿಗೆ ತೋರಿಸುವ ವಸ್ತುವನ್ನು ಮಲಗುವ ಕೋಣೆಯಲ್ಲಿ ಯಾಕೆ ಇಡುತ್ತೀ? ಜಗಲಿಯ ಮೇಲೆ ಇಡು." ಸರ್ವರಿನಲ್ಲಿ ಎಸ್‌ಆರ್‌ವಿ ಎಂಬ ಜಗಲಿ ಇದೆ, ಹೊರಗಿನವರಿಗೆ ಬಡಿಸುವ ಸಾಮಾನಿಗೆಂದೇ ಇರುವುದು. ಚಿತ್ರ, ಹಾಡು ಎರಡನ್ನೂ ಅಲ್ಲಿಗೆ ಸಾಗಿಸಿದೆವು. ಫೋಲ್ಡರುಗಳಿಗೆ 755, ಫೈಲುಗಳಿಗೆ 644, ಅಂದರೆ ಎಲ್ಲರೂ ಓದಲಿ, ಬರೆಯುವವಳು ನಾನೊಬ್ಬಳೇ. ಕೊಂಡಿಗಳನ್ನು ಜಗಲಿಗೆ ಕಟ್ಟಿದೆವು, ಈ ಸಲ ಎರಡಕ್ಕೂ ಬೇರೆ ಬೇರೆ. ಫೋಲ್ಡರಿನೊಳಗಿನ ಪಟ್ಟಿಯನ್ನು ತಾನಾಗಿ ತೋರಿಸುವ ಅಪಾಚೆಯ ಅಭ್ಯಾಸವನ್ನು ನಿಲ್ಲಿಸಿದೆವು. ಕಡೆಗೆ ಆ ಜವಾನನ ಹೆಸರಿನಲ್ಲೇ ಒಂದು ಸಲ ದಾರಿ ನಡೆದು ನೋಡಿದೆವು. ಹಾಡು ಸಿಕ್ಕಿತು. ಲೆಕ್ಕದ ಹತ್ತಿರ ಹೋದರೆ "ಅನುಮತಿ ಇಲ್ಲ" ಎಂದಿತು. ಆ ಎರಡು ಪದ ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲೇ ಅದೊಂದು ಸಲ.

ಯಂತ್ರ ಸರಿಹೋಯಿತು. ಮನುಷ್ಯರ ಕಡೆಯದ್ದು ಅಷ್ಟು ಬೇಗ ಸರಿಹೋಗಲಿಲ್ಲ. ಸಮಾಜದ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಕೆಲವರಿಗೆ ಅರ್ಥವಾಗಲಿಲ್ಲ, ಕೆಲವರಿಗೆ ಚೆನ್ನಾಗಿಯೇ ಅರ್ಥವಾಯಿತು, ಮನೆಗೆ ಹೋಗಿ ಪಾಸ್‌ಬುಕ್ಕು ಬಚ್ಚಿಟ್ಟರಂತೆ. ಆಕೆಯ ಮನೆಗೆ ಹೋದೆ. ಕಾಫಿ ಕೊಟ್ಟರು, ಮಾತಾಡಿಸಲಿಲ್ಲ. ಮಗಳು ಕಾಲೇಜಿಗೆ ಸೇರಿದ್ದಾಳೆಂದು ಮಾತ್ರ ಬೇರೆಯವರಿಂದ ತಿಳಿಯಿತು. ಎಂಟು ತಿಂಗಳು ಆಕೆ ಸಮಾಜದ ಕಡೆ ತಲೆಹಾಕಲಿಲ್ಲ. ಪ್ರತಿ ವಾರ ಲೆಕ್ಕ ಬರೆಯುವಾಗ ಆಕೆಯ ಹೆಸರಿನ ಸಾಲಿನಲ್ಲಿ ಗೆರೆ ಎಳೆಯುತ್ತಿದ್ದೆ. ನೋಡಿದಷ್ಟು ಸಲವೂ ಆ ಗೆರೆ ನನಗೆ 403ರ ಹಾಗೇ ಕಾಣುತ್ತಿತ್ತು.

ಮೊನ್ನೆ ಶ್ರಾವಣದ ಒಂದು ಮಂಗಳವಾರ ಅರಿಶಿನ ಕುಂಕುಮಕ್ಕೆ ಬಂದರು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಂದೆ ಉಗ್ರಾಣವಿದ್ದ ಕೋಣೆಯವರೆಗೂ ಬಂದರು. ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಮೇಜಿನ ಮೇಲಿಟ್ಟು, "ಬರೆದುಕೊಳ್ಳಿ" ಎಂದರು. ಬರೆದುಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಈಗ ಎಷ್ಟನೇ ನಂಬರಿನಲ್ಲಿ ಇಟ್ಟಿದ್ದೀರಿ?" ಎಂದು ಕೇಳಿದರು. ಸಭೆಯಲ್ಲಿ ಇರದಿದ್ದರೂ ಎಲ್ಲ ವಿಚಾರಿಸಿಕೊಂಡಿದ್ದರು!

"ಆರು ಸೊನ್ನೆ ಸೊನ್ನೆ" ಎಂದೆ. "ಓದುವುದೂ ಬರೆಯುವುದೂ ನಾನೊಬ್ಬಳೇ. ಉಳಿದವರಿಗೆಲ್ಲ ಸೊನ್ನೆ."

ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಸದ್ಯಕ್ಕೆ ಅಷ್ಟೇ ಇರಲಿ" ಎಂದು ಹೇಳಿ ಮೆಟ್ಟಿಲಿಳಿದರು.